ಇಲಿಯ ಗಡ್ಡೆಗೆ ಬಣ್ಣ ಕೂಡಿದ ಪ್ರತಿಕಾಯವೇ ಸರಿ

ಇಲಿಯ ಕ್ಯಾನ್ಸರ್ ಕೋಶಗಳಲ್ಲಿ ಗಡ್ಡೆಗೇ ವಿಶಿಷ್ಟವಾದ ಪ್ರತಿಜನಕವನ್ನು (ರೋಗನಿರೋಧಕ ವ್ಯವಸ್ಥೆ ಕಂಡುಹಿಡಿಯಬಲ್ಲ ಅಣುವನ್ನು) ಗುರುತಿಸಲು ಹೊರಟವರು ಹೊಳೆಯುವ ಬಣ್ಣವನ್ನು ಮೊದಲೇ ಜೋಡಿಸಿದ ಪ್ರತಿಕಾಯವನ್ನೇ (ಅಂಥ ಅಣುವಿಗೆ ಅಂಟುವ ಪ್ರೋಟೀನನ್ನೇ) ಕೊಳ್ಳಬೇಕು. ಅಗ್ಗವೆಂದು ಬಣ್ಣವಿಲ್ಲದ್ದನ್ನು ತರಿಸಿ ಮೂರು ವಾರಗಳ ಕೆಲಸವನ್ನೂ ಕೆಲವು ಇಲಿಗಳನ್ನೂ ಕಳೆದುಕೊಂಡ ಮೇಲೆ ನಾನು ಈ ನಿರ್ಧಾರಕ್ಕೆ ಬಂದಿದ್ದೇನೆ.

ನಾನು ಬಳಸುವುದು ಇ.ಜಿ7 ಕೋಶಗಳನ್ನು. ಇಎಲ್4 ಎಂಬ ಇಲಿಯ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಕೋಶಗಳಿಗೆ ಕೋಳಿಮೊಟ್ಟೆಯ ಪ್ರೋಟೀನಾದ ಓವಾಲ್ಬುಮಿನ್‌ನ ಜೀನನ್ನು ಸೇರಿಸಿ ಇವನ್ನು ರೂಪಿಸಲಾಗಿದೆ. ಓವಾಲ್ಬುಮಿನ್‌ನ 257ರಿಂದ 264ರವರೆಗಿನ ಎಂಟು ಅಮೈನೋ ಆಮ್ಲಗಳ ತುಣುಕು ಪ್ರೋಟೀನಿನ ತುಣುಕುಗಳನ್ನು ಕೋಶದ ಹೊರಗೆ ತೋರಿಸುವ ಎಚ್-2ಕೆಬಿ ಅಣುವಿನಲ್ಲಿ ಕುಳಿತು ಮೇಲ್ಮೈಗೆ ಬಂದಾಗ 25-ಡಿ1.16 ಎಂಬ ಪ್ರತಿಕಾಯವು ಆ ಜೋಡಿಯನ್ನು ಹಿಡಿಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಈ ಪ್ರತಿಕಾಯವೂ ಇಲಿಯದೇ. ಆದ್ದರಿಂದ ಬಣ್ಣವಿಲ್ಲದ್ದನ್ನು ಬಳಸಿದರೆ ಅದನ್ನು ಕಾಣಿಸಲು ಇಲಿಯ ಪ್ರತಿಕಾಯಗಳಿಗೆ ಅಂಟುವ ಸೆಕೆಂಡರಿ, ಎಂದರೆ ಬಣ್ಣ ಕೂಡಿದ ಎರಡನೆಯ ಪ್ರತಿಕಾಯ, ಬೇಕಾಗುತ್ತದೆ. ಫ್ಲಾಸ್ಕಿನಲ್ಲಿ ಬೆಳೆಸಿದ ಕೋಶಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು. ಆದರೆ ಇಲಿಯಿಂದ ತೆಗೆದ ಗಡ್ಡೆಯೊಳಗೆ ನುಸುಳಿರುವ, ಪ್ರತಿಕಾಯ ತಯಾರಿಸುವ ಬಿ ಕೋಶಗಳ ಮೇಲೆ ಅವುಗಳದೇ ಪ್ರತಿಕಾಯಗಳಿರುತ್ತವೆ, ಮ್ಯಾಕ್ರೋಫೇಜುಗಳು (ಕಸ ನುಂಗುವ ರಕ್ಷಣಾ ಕೋಶಗಳು) ಪ್ರತಿಕಾಯದ ಬಾಲಕ್ಕೆ ಅಂಟುವ ಎಫ್‌ಸಿ ಗ್ರಾಹಕಗಳಲ್ಲಿ ಪ್ರತಿಕಾಯಗಳನ್ನು ಹಿಡಿದುಕೊಂಡಿರುತ್ತವೆ, ಮತ್ತು ಸೆಕೆಂಡರಿ ಇವೆಲ್ಲವನ್ನೂ ಬೆಳಗಿಸುತ್ತದೆ. ಓವಾಲ್ಬುಮಿನ್ ಇಲ್ಲದ ಇಎಲ್4 ಗಡ್ಡೆಯೂ ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಅಷ್ಟೇ ಹೊಳೆದಾಗ ನನ್ನ ತಪ್ಪು ನನಗೆ ಮನವರಿಕೆಯಾಯಿತು.

2.4ಜಿ2 ಎಂಬ ತಡೆ ಪ್ರತಿಕಾಯವನ್ನು ಹಾಕಿ ನೋಡಿದೆ. ಅದು ಎಫ್‌ಸಿ ಗ್ರಾಹಕಗಳನ್ನು ಮುಚ್ಚುತ್ತದೆಯೇ ಹೊರತು ಬಿ ಕೋಶಗಳ ಸ್ವಂತ ಪ್ರತಿಕಾಯಗಳನ್ನು ಮರೆಮಾಡುವುದಿಲ್ಲ. ಅದು ದೊಡ್ಡ ಇಲಿಯ, ಎಂದರೆ ರ‍್ಯಾಟಿನ ಪ್ರತಿಕಾಯವಾದ್ದರಿಂದ, ನನ್ನ ಸೆಕೆಂಡರಿ ಅದಕ್ಕೂ ಅಂಟಿತು. ಬಿಳಿ ರಕ್ತಕಣಗಳ ಮೇಲ್ಮೈ ಗುರುತಾದ ಸಿಡಿ45 ನೋಡಿ ಅವನ್ನು ಬೇರ್ಪಡಿಸೋಣವೆಂದರೆ, ಲಿಂಫೋಮಾ ಕೋಶಗಳ ಮೇಲೂ ಅದೇ ಗುರುತಿದೆ.

ಪಿಇ ಬಣ್ಣ ಕೂಡಿದ 25-ಡಿ1.16 ತರಿಸಿದ ಮೇಲೆ ಸೆಕೆಂಡರಿಯ ಅಗತ್ಯವೇ ಉಳಿಯಲಿಲ್ಲ. ಹೊಳಪು ಸಾಧಾರಣವಾಗಿಯೇ ಇದ್ದರೂ ಇಎಲ್4 ಗಡ್ಡೆ ಕತ್ತಲಾಗಿಯೇ ಉಳಿಯಿತು, ಇ.ಜಿ7 ಅದರಿಂದ ಬೇರೆಯಾಗಿ ಕಂಡಿತು.

ಇದರ ಬದಲು ಕೋಶಗಳನ್ನು ಒಡೆದು ಪ್ರೋಟೀನನ್ನು ಹುಡುಕುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡೋಣವೆಂದರೆ, ಅದು ಕೋಶದೊಳಗಿನ ಓವಾಲ್ಬುಮಿನನ್ನು ತೋರಿಸುತ್ತದೆ. ಮೇಲ್ಮೈಯಲ್ಲಿ ತುಣುಕು ಇದೆಯೇ ಎಂಬುದನ್ನು ಹೇಳುವುದಿಲ್ಲ.

ಫ್ಲಾಸ್ಕಿನ ಕೋಶಗಳನ್ನಷ್ಟೇ ನೋಡುವವರಿಗೆ, ಫ್ರಿಜ್ಜಿನಲ್ಲಿ ಸೆಕೆಂಡರಿ ಈಗಾಗಲೇ ಇದ್ದರೆ, ಬಣ್ಣವಿಲ್ಲದ ಪ್ರತಿಕಾಯದ ಹಳೆಯ ದಾರಿ ಸಾಕು. ನಾನು ತಿಂಗಳು ತಿಂಗಳೂ ಗಡ್ಡೆಗಳನ್ನೇ ಬಿಡಿಸುವವಳು, ಅನುದಾನವೂ ಚಿಕ್ಕದು. ಆದ್ದರಿಂದ ದುಬಾರಿ ಸೀಸೆಯನ್ನೇ ಕೊಂಡು, ಎಷ್ಟು ಕಡಿಮೆ ಪ್ರಮಾಣ ಸಾಕೆಂದು ಮೊದಲ ದಿನವೇ ಅಳೆದುಕೊಂಡು ಬಳಸುತ್ತಿದ್ದೇನೆ.