ಬೆನ್ನುಹುರಿ ಸ್ಟಿಮ್ಯುಲೇಟರ್ ಟ್ರಯಲ್: ಕಾಲಿಗೆ ಸೈ, ಸೊಂಟಕ್ಕೆ ಅಷ್ಟಕ್ಕಷ್ಟೆ

ಡಿಸ್ಕ್ ಆಪರೇಷನ್ ಆದಮೇಲೂ ನೋವು ಬಿಡದವರಿಗೆ ಡಾಕ್ಟರುಗಳು ಈಗ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಎಂಬ ನೋವು ತಗ್ಗಿಸುವ ಸಾಧನದ ಹೆಸರು ಹೇಳುತ್ತಾರೆ. ನನಗೂ ಹೇಳಿದರು. ಈ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಕೆಲವು ದಿನ ಹಾಕಿ ನೋಡುವ ಟ್ರಯಲ್ ಮಾಡಿಸಿಕೊಂಡೆ. ಮೊದಲೇ ಕೇಳಿ ತಿಳಿದುಕೊಳ್ಳೋಣ ಅಂದ್ರೆ ನಮ್ಮ ಕೊಡಗಿನ ಕಡೆ ಇದನ್ನು ಹಾಕಿಸಿಕೊಂಡವರು ನನಗೆ ಒಬ್ಬರೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸೋಮವಾರಪೇಟೆಯಿಂದ ಮುಂದೆ, ಶಾಂತಳ್ಳಿ ಕಡೆ ಸಣ್ಣ ಕಾಫಿ ತೋಟ. ನನ್ನ ನೋವು ಎರಡು ಥರ. ಒಂದು ಸೊಂಟದ ನಡುವೆ ಸದಾ ಇರುವ ಭಾರದ ನೋವು. ಇನ್ನೊಂದು ಎಡ ಪಿರ್ರೆಯಿಂದ ಹೊರಟು ತೊಡೆ, ಮೀನಖಂಡ ದಾಟಿ ಹೆಬ್ಬೆರಳಿನ ತನಕ ಉರಿಯುತ್ತಾ ಇಳಿಯುತ್ತದೆ. ಆಪರೇಷನ್ ಆಗಿ ವರ್ಷಗಳಾದವು. ಮಾತ್ರೆ, ಫಿಸಿಯೋಥೆರಪಿ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಆಯಿತು.

ಈ ಸಾಧನ ನೋವಿನ ಮೂಲವನ್ನು ಸರಿ ಮಾಡುವುದಿಲ್ಲ. ಬೆನ್ನುಹುರಿಯ ಹತ್ತಿರ ತಂತಿ ಇಟ್ಟು ಸಣ್ಣ ಕರೆಂಟ್ ಹರಿಸಿ, ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದನ್ನು ತಗ್ಗಿಸುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ, ಅದನ್ನು ಮುಚ್ಚಬಹುದು ಅಂದರು. ಎರಡೇ ವರ್ಷಕ್ಕೆ ಅಮೆರಿಕದ ಡಾಕ್ಟರ್ ನಾರ್ಮನ್ ಶೀಲಿ ರೋಗಿಯೊಬ್ಬರಿಗೆ ಇಂಥದ್ದನ್ನು ಹಾಕಿದರು. ಹಳೆಯ ವಿದ್ಯೆಯೇ, ನಮ್ಮ ಕಡೆಗೆ ಬಂದಿದ್ದು ತಡ.

ಪೂರ್ತಿ ಸಾಧನ ಒಳಗೆ ಹೂಳುವ ಮೊದಲು ಟ್ರಯಲ್ ಮಾಡುತ್ತಾರೆ. ಇದೇ ಇದರ ದೊಡ್ಡ ಗುಣ. ಬೇರೆ ಯಾವ ಬೆನ್ನಿನ ಆಪರೇಷನ್ನನ್ನು ಹೀಗೆ ಮೊದಲು ನೋಡಿ ಆಮೇಲೆ ಒಪ್ಪಿಕೊಳ್ಳೋಕೆ ಆಗುತ್ತೆ ಹೇಳಿ?

ಕವುಚಿ ಮಲಗಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಕ್ಸ್‌ರೇ ಪರದೆ ನೋಡುತ್ತಾ ಸೂಜಿಯ ಮೂಲಕ ತಂತಿ ತೂರಿಸಿದರು. ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಎಚ್ಚರವಿರಬೇಕು, ಯಾಕಂದ್ರೆ ಕರೆಂಟ್ ಬಿಟ್ಟು "ಎಲ್ಲಿ ಜುಮ್ ಅನ್ನುತ್ತೆ ಹೇಳಿ" ಅಂತ ಕೇಳುತ್ತಾರೆ. ಮೊದಲು ಬಲಗಾಲು ಅಂದೆ. ತಂತಿ ಸ್ವಲ್ಪ ಸರಿಸಿದರು. ಆಮೇಲೆ ಎಡ ಮೀನಖಂಡ, ಪಾದ, ಕೊನೆಗೆ ಆ ಹೆಬ್ಬೆರಳು. ಉರಿ ಇದ್ದ ದಾರಿಯಲ್ಲೇ ಜುಮುಜುಮು ಇಳಿಯಿತು. ಅಲ್ಲೇ ಕಣ್ಣಲ್ಲಿ ನೀರು ಬಂತು.

ತಂತಿಯ ತುದಿ ಬೆನ್ನಿನಿಂದ ಹೊರಗೆ ಬಂದಿರುತ್ತದೆ. ಅದಕ್ಕೆ ಸೊಂಟಪಟ್ಟಿಯಲ್ಲಿ ಕಟ್ಟಿದ ಬ್ಯಾಟರಿ, ಕೈಗೊಂದು ರಿಮೋಟ್. ಸುಮಾರು ಒಂದು ವಾರದ ಟ್ರಯಲ್. ಬೆಂಗಳೂರಿನಲ್ಲಿ ತಂಗಿಯ ಫ್ಲ್ಯಾಟಿನಲ್ಲೇ ಇದ್ದು ಮುಗಿಸಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಲಿಫ್ಟ್ ಇರುವ ಮನೆಯಲ್ಲಿ ಸೋಫಾ ಮೇಲೆ ಕೂತು ನೋವು ಕಮ್ಮಿ ಆಯ್ತು ಅಂದ್ರೆ ಅದು ನನ್ನ ನೋವಿನ ಪರೀಕ್ಷೆ ಹೇಗಾಗುತ್ತೆ? ಡಾಕ್ಟರ್ ತಂತಿ ಕೂತಿರುವುದನ್ನು ಮತ್ತೊಮ್ಮೆ ನೋಡಿ ಊರಿಗೆ ಕಳಿಸಿದರು. ನಮ್ಮ ಜಿಲ್ಲೆಗೆ ರೈಲಿಲ್ಲ, ಕಾರೇ ಗತಿ. ಸಾಮಾನ್ಯವಾಗಿ ಹುಣಸೂರು ಬರುವಷ್ಟರಲ್ಲಿ ಕಾರು ನಿಲ್ಲಿಸಿ ಇಳಿಯಲೇಬೇಕು ನಾನು. ಆವತ್ತು ಕುಶಾಲನಗರದ ತನಕ ಕೂತೇ ಬಂದೆ.

ರೋಬಸ್ಟಾ ಕಾಫಿ ಕುಯ್ಲು ನಡೆಯುತ್ತಿತ್ತು. ಸಂಜೆ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಕಣದ ಪಕ್ಕ ನಿಂತು ಒಬ್ಬೊಬ್ಬರ ಚೀಲ ತೂಗಿ ಪುಸ್ತಕಕ್ಕೆ ಹಾಕಬೇಕು. ಅರ್ಧಕ್ಕೆ ನನಗೆ ಕುರ್ಚಿ ಬೇಕೇ ಬೇಕು. ಆವತ್ತೂ ಎಂದಿನಂತೆ "ಅಕ್ಕ, ಕುರ್ಚಿ ತರ್ಲಾ?" ಅಂದಳು ನಮ್ಮ ಮನೆ ಕೆಲಸಕ್ಕೆ ಬರುವ ಹುಡುಗಿ. ಬೇಡ ಅಂದೆ. ಕೊನೆಯ ಚೀಲದ ತನಕ ನಿಂತೇ ಬರೆದೆ. ಆಸ್ಪತ್ರೆಯವರು ನೋವಿಗೆ ಹತ್ತರಲ್ಲಿ ಎಷ್ಟು ಅಂತ ಕೇಳುತ್ತಾರಲ್ಲ, ಅದಕ್ಕಿಂತ ಈ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ.

ಕಷ್ಟಗಳೂ ಇವೆ. ಬಗ್ಗುವಂತಿಲ್ಲ, ಸೊಂಟ ತಿರುಚುವಂತಿಲ್ಲ, ಭಾರ ಎತ್ತುವಂತಿಲ್ಲ, ಮಾಡಿದರೆ ತಂತಿ ಜರುಗುತ್ತದೆ. ಕರೆಂಟ್ ಹರಿಯುತ್ತಿರುವಾಗ ಗಾಡಿ ಓಡಿಸುವಂತಿಲ್ಲ. ಸ್ನಾನವೂ ಇಲ್ಲ, ಬರೀ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಬೇಕು. ಹಂಡೆ ಬಿಸಿನೀರಿಗೆ ಒಗ್ಗಿದ ಮೈಗೆ ಇದು ಹಿಂಸೆ. ರಾತ್ರಿ ಮಲಗಿದ ಕೂಡಲೇ ಜುಮುಜುಮು ಒಮ್ಮೆಲೇ ಜೋರಾಯಿತು, ಪಾದ ಅದುರಿತು. ಮಲಗಿದಾಗ ಬೆನ್ನುಹುರಿ ತಂತಿಗೆ ಹತ್ತಿರ ಬರುತ್ತದಂತೆ. ರಿಮೋಟಿನಲ್ಲಿ ಇಳಿಸಿದೆ, ಸರಿಹೋಯಿತು. ಇದನ್ನು ಮೊದಲೇ ಹೇಳಿ ಕಳಿಸಬೇಕಿತ್ತು.

ಜುಮ್ ಅನ್ನದ ಇನ್ನೊಂದು ಪ್ರೋಗ್ರಾಮೂ ಇತ್ತು. ಅದರಲ್ಲಿ ಆನ್ ಆಗಿದೆಯೋ ಇಲ್ಲವೋ ಮೈಗೆ ಗೊತ್ತಾಗುವುದಿಲ್ಲ. ಮಗಳು ಡಾಕ್ಟರನ್ನು ಕೇಳಿಕೊಂಡು, ಒಂದು ಬೆಳಿಗ್ಗೆ ನನಗೆ ಹೇಳದೆ ಆಫ್ ಮಾಡಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಕಾಲಿನ ಉರಿ ಎದ್ದಿತು, ಸಂಜೆಗೆ ತಡೆಯಲಾಗಲಿಲ್ಲ. "ಅಮ್ಮ, ಬೆಳಿಗ್ಗೆಯಿಂದ ಆಫ್ ಇದೆ" ಅಂದಳು. ಸೊಂಟದ ನೋವು ಮಾತ್ರ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಹೆಚ್ಚುಕಡಿಮೆ ಒಂದೇ.

ಅವಳು ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ನಾರ್ವೆಯಲ್ಲಿ ಬೆನ್ನಿನ ಆಪರೇಷನ್ ಆಗಿಯೂ ಕಾಲು ನೋವು ಉಳಿದ 50 ಜನರ ಮೇಲೆ ಒಂದು ಅಧ್ಯಯನ ನಡೆಯಿತು, 2022ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬರ್ಸ್ಟ್ ಎಂಬ ಬಗೆಯ ಕರೆಂಟ್ ಹರಿಸಿದಾಗಲೂ, ಹರಿಸದೆ ಸುಮ್ನೆ ಇಟ್ಟಾಗಲೂ ಅವರ ದಿನನಿತ್ಯದ ಓಡಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆಯೂ ಸೊಂಟ ನೋವಿಗೆ ಇದರಿಂದ ಬಹುಕಾಲದ ಲಾಭ ಇರಲಿಕ್ಕಿಲ್ಲ ಅಂದಿದೆ. ನಾನು ಒಬ್ಬಳು, ನನ್ನ ಅನುಭವದಿಂದ ಆ ಅಧ್ಯಯನ ಸುಳ್ಳಾಗುವುದಿಲ್ಲ. ಆದರೆ ಇದನ್ನು ಮಾರುವವರು ಇವನ್ನೂ ರೋಗಿಗೆ ತೋರಿಸಬೇಕು. ನನಗೆ ಯಾರೂ ತೋರಿಸಲಿಲ್ಲ, ಮಗಳು ಹುಡುಕಿ ತಂದಳು.

ತಂತಿ ತೆಗೆಯುವುದು ಸುಲಭ. ಪಟ್ಟಿ ಕಿತ್ತು ಮೆಲ್ಲಗೆ ಎಳೆದರು, ಬಂದೇಬಿಟ್ಟಿತು. ನೋವು ಅರ್ಧದಷ್ಟಾದರೂ ಇಳಿದಿದ್ದರೆ ಟ್ರಯಲ್ ಗೆದ್ದಂತೆ ಅನ್ನುತ್ತಾರೆ. ಕಾಲಿಗೆ ಅದಕ್ಕಿಂತ ಜಾಸ್ತಿಯೇ ಸಿಕ್ಕಿತು. ಖರ್ಚು ಲಕ್ಷಗಳ ಲೆಕ್ಕ. ಇನ್ಶೂರೆನ್ಸ್ ಟ್ರಯಲ್ಲಿಗೂ ಕೊಡುತ್ತದೆಯೇ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಕಾಲಿನ ಸಲುವಾಗಿ ನಾನು ಪರ್ಮನೆಂಟ್ ಹಾಕಿಸಿಕೊಳ್ಳುವವಳಿದ್ದೇನೆ, ಆದರೆ ಮಳೆ ಮುಗಿದ ಮೇಲೆ. ಗಾಯ ಒಣಗುವ ತನಕ, ತಂತಿ ಒಳಗೆ ಕಚ್ಚಿಕೊಳ್ಳುವ ತನಕ ವಾರಗಟ್ಟಲೆ ಬಗ್ಗುವಂತಿಲ್ಲ. ಶಾಂತಳ್ಳಿ ಮಳೆಯಲ್ಲಿ, ಜಾರುವ ಅಂಗಳದಲ್ಲಿ ಅದು ಆಗದ ಮಾತು. ಚರ್ಮದ ಕೆಳಗೆ ಕೂರಿಸುವ ಬ್ಯಾಟರಿಯಲ್ಲಿ ಚಾರ್ಜ್ ಮಾಡುವುದು, ಮಾಡದಿರುವುದು ಎರಡೂ ಇವೆ. ಚಾರ್ಜ್ ಮಾಡುವಂಥದ್ದು ಹೆಚ್ಚು ವರ್ಷ ಬರುತ್ತದೆ. ಜುಲೈನಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ, ಅದಕ್ಕೆ ನಾನು ಇನ್ನೊಂದನ್ನೇ ಕೇಳಿದ್ದೇನೆ. ಅದು ಮುಗಿದಾಗ ಮತ್ತೆ ಸಣ್ಣ ಆಪರೇಷನ್ ಆಗಬೇಕು, ಅದೂ ಗೊತ್ತು. ಮುಂದೆ ಎಂಆರ್‌ಐ ಮಾಡಿಸಬಹುದಾದ ಮಾಡೆಲ್ಲೇ ಬೇಕು ಅಂತಲೂ ಹೇಳಿದ್ದೇನೆ.

ಕಾಲು ನೋವಿಲ್ಲದೆ ಬರೀ ಸೊಂಟ ನೋವು ಇರುವವರು ಕೇಳಿದರೆ, ಈ ದುಡ್ಡು ಹಾಕಿ ಅಂತ ನಾನು ಹೇಳಲಾರೆ.