ಜಿಪ್ಪಿನ ತುದಿಯಲ್ಲಿ ಸೀಲ್ ಗೂಡಿರುವ ಟಪಾಲು ಚೀಲ: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಚೀಲದ ಬಟ್ಟೆ, ಬಣ್ಣ, ಜೇಬುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದದ್ದು ಅದರ ಬಾಯಿ ಮುಚ್ಚುವ ಏರ್ಪಾಟಿನ ಬಗ್ಗೆ. ಕೇಂದ್ರ ಕಚೇರಿಗೂ ಶಾಖೆಗಳಿಗೂ ನಡುವೆ ದಿನಾ ಓಡಾಡುವ ನೈಲಾನ್ ಚೀಲ. ಬಾಯಿಯ ಉದ್ದಕ್ಕೂ ದಪ್ಪ ಜಿಪ್. ಜಿಪ್ ಮುಗಿಯುವ ಕಡೆ, ಅರ್ಧ ಬೆಂಕಿಪೊಟ್ಟಣದಷ್ಟಿರುವ ಗಟ್ಟಿ ಪ್ಲಾಸ್ಟಿಕ್ ಗೂಡು. ಜಿಪ್ಪನ್ನು ಪೂರ್ತಿ ಎಳೆದಾಗ ಸ್ಲೈಡರ್ ಈ ಗೂಡಿನೊಳಗೆ ಬಂದು ಕೂರುತ್ತದೆ. ಅದರ ಎಳೆಪಟ್ಟಿಯನ್ನು ಗೂಡಿನ ಸೀಳಿಗೆ ಮಡಚಿ, ಮೇಲಿಂದ ಬಾಣದ ಮೊನೆಯಂಥ ಪ್ಲಾಸ್ಟಿಕ್ ಸೀಲನ್ನು ಒತ್ತಿದರೆ ಪಟ್ಟಿಯ ತೂತಿನಲ್ಲಿ ಹಾದುಹೋಗಿ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಮೊನೆಯ ಎರಡು ರೆಕ್ಕೆಗಳು ಒಳಗೆ ಹೋಗುವಾಗ ಮುಚ್ಚಿಕೊಳ್ಳುತ್ತವೆ, ಹೋದ ಮೇಲೆ ಅರಳುತ್ತವೆ. ಅರಳಿದ ಮೇಲೆ ಸೀಲು ವಾಪಸ್ ಬರುವುದಿಲ್ಲ, ಮುರಿದೇ ತೆಗೆಯಬೇಕು. ಪ್ರತಿ ಸೀಲಿನ ತಲೆಯ ಮೇಲೂ ಬೇರೆ ನಂಬರು.

ಇಷ್ಟು ಓದಿದವರು ‘ಒಂದು ಪ್ಲಾಸ್ಟಿಕ್ ತುಂಡನ್ನು ನಂಬಿ ಚೀಲ ಕಳಿಸುವುದೇ?’ ಎನ್ನುತ್ತಾರೆ. ನಂಬುವುದು ಸೀಲಿನ ಗಟ್ಟಿತನವನ್ನಲ್ಲ, ಸ್ಲೈಡರ್ ಒಂದೇ ಜಾಗದಲ್ಲಿ ಅಲುಗದೆ ನಿಲ್ಲುವುದನ್ನು. ಸುರುಳಿ ಹಲ್ಲಿನ ನೈಲಾನ್ ಜಿಪ್ಪನ್ನು ಬಾಲ್ ಪೆನ್ನಿನ ಮೊನೆಯಿಂದ ಚುಚ್ಚಿದರೆ ಹಲ್ಲುಗಳು ಬಿಟ್ಟುಕೊಂಡು ಬಾಯಿ ತೆರೆಯುತ್ತದೆ. ಪ್ರವಾಸದ ಸೂಟ್‌ಕೇಸಿನಲ್ಲಿ ಎರಡು ಸ್ಲೈಡರಿಗೂ ಸೇರಿಸಿ ಬೀಗ ಹಾಕಿರುತ್ತಾರೆ. ಕಳ್ಳನಿಗೆ ಬೀಗದ ಗೊಡವೆಯೇ ಬೇಡ. ಪೆನ್ನಿನಿಂದ ತೆರೆದು, ಬೇಕಾದ್ದು ತೆಗೆದುಕೊಂಡು, ಬೀಗ ಸಮೇತ ಸ್ಲೈಡರುಗಳನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ಓಡಿಸಿದರೆ ಹಲ್ಲುಗಳು ಮತ್ತೆ ಕೂಡಿಕೊಳ್ಳುತ್ತವೆ. ಗುರುತೇ ಉಳಿಯುವುದಿಲ್ಲ. ಗೂಡಿನ ಚೀಲದಲ್ಲೂ ಪೆನ್ನು ಚುಚ್ಚಬಹುದು. ಆದರೆ ಸ್ಲೈಡರ್ ಗೂಡಿನಲ್ಲಿ ಸಿಕ್ಕಿಕೊಂಡಿರುವುದರಿಂದ ಬಿಟ್ಟುಕೊಂಡ ಹಲ್ಲನ್ನು ಮತ್ತೆ ಸೇರಿಸಲು ಬರುವುದಿಲ್ಲ. ಚೀಲ ಬಾಯಿಬಿಟ್ಟುಕೊಂಡೇ ತಲುಪುತ್ತದೆ. ಈ ಏರ್ಪಾಟಿನ ಬೆಲೆ ಇರುವುದು ಇದರಲ್ಲಿಯೇ.

ಹಾಗಾಗಿ ಕೊಳ್ಳುವ ಮುಂಚೆ ನೋಡಬೇಕಾದ ಮೊದಲ ವಿಷಯ ಸ್ಲೈಡರ್ ಎಷ್ಟಿವೆ ಎಂಬುದು. ಎರಡು ಸ್ಲೈಡರಿದ್ದು ಒಂದು ಮಾತ್ರ ಗೂಡಿಗೆ ಹೋಗುವಂತಿದ್ದರೆ ಆ ಚೀಲ ಬೇಡ. ಇನ್ನೊಂದರಿಂದ ಜಿಪ್ ಸರಿಪಡಿಸಿಬಿಡಬಹುದು. ಎರಡನೆಯದು, ಸೀಲ್ ಹಾಕಿದ ಮೇಲೆ ಸ್ಲೈಡರ್ ಎಷ್ಟು ಅಲುಗಾಡುತ್ತದೆ ಎಂಬುದು. ಗೂಡಿನಿಂದ ಆಚೆ ಒಂದೆರಡು ಹಲ್ಲಿನಷ್ಟೂ ಬರಬಾರದು. ಮೂರನೆಯದು ಜಿಪ್ ಶುರುವಾಗುವ ತುದಿ. ಎಲ್ಲರೂ ಗೂಡನ್ನೇ ನೋಡುತ್ತಾರೆ, ಈ ತುದಿಯನ್ನು ಮರೆಯುತ್ತಾರೆ. ಜಿಪ್ಪಿನ ಪಟ್ಟಿ ಅಲ್ಲಿ ಪಕ್ಕದ ಹೊಲಿಗೆಯೊಳಗೆ ಹೂತುಹೋಗಿರಬೇಕು, ಅಡ್ಡಡ್ಡ ಒತ್ತಾದ ಹೊಲಿಗೆ ಬಿದ್ದಿರಬೇಕು. ಬರೀ ಮೇಲ್ಮೈಗೆ ಒಂದು ಸಾಲು ಹೊಲಿದಿದ್ದರೆ ಬ್ಲೇಡಿನಿಂದ ನಾಲ್ಕು ದಾರ ಕತ್ತರಿಸಿ, ಕೆಲಸ ಮುಗಿದ ಮೇಲೆ ಅದೇ ತೂತುಗಳಲ್ಲಿ ಸೂಜಿ ಹಾಕಿ ಹೊಲಿದುಬಿಡಬಹುದು. ಚೀಲವನ್ನು ಒಳಗಡೆ ತಿರುವಿ ನೋಡಿ. ಅಂಚುಗಳಿಗೆಲ್ಲ ಪಟ್ಟಿ ಸುತ್ತಿ ಎರಡು ಸಾಲು ಹೊಲಿಗೆ ಇದ್ದರೆ ಸರಿ. ಗೂಡನ್ನು ರಿವೆಟ್ ಮಾಡಿದ್ದರೆ ರಿವೆಟ್ಟಿನ ಬಿಚ್ಚುವ ಮುಖ ಚೀಲದ ಒಳಗಿರಬೇಕು.

ಜಿಪ್ಪಿನ ಅಳತೆಯ ನಂಬರು ಹೆಚ್ಚುಕಡಿಮೆ ಮುಚ್ಚಿದ ಹಲ್ಲಿನ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. 5ನೇ ನಂಬರು ಸುಮಾರು 5 ಮಿ.ಮೀ., 10ನೇ ನಂಬರು ಸುಮಾರು 10 ಮಿ.ಮೀ. ಟಪಾಲು ಚೀಲಕ್ಕೆ 8ಕ್ಕಿಂತ ಕಡಿಮೆ ಬೇಡ, 10 ಇದ್ದರೆ ಒಳ್ಳೆಯದು. ಬಿಡಿ ಹಲ್ಲುಗಳ ದಪ್ಪ ಪ್ಲಾಸ್ಟಿಕ್ ಜಿಪ್ಪಿಗೆ ಪೆನ್ನು ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಆದರೆ ಒಂದು ಹಲ್ಲು ಮುರಿದರೂ ಜಿಪ್ ಪೂರ್ತಿ ಬದಲಾಯಿಸಬೇಕು. ಸುರುಳಿ ಜಿಪ್ ಬಾಗುತ್ತದೆ, ಎಳೆತ ತಾಳಿಕೊಳ್ಳುತ್ತದೆ. ದಿನಕ್ಕೆರಡು ಸಲ ತೆಗೆದು ಮುಚ್ಚುವ ಚೀಲಕ್ಕೆ ನಮ್ಮ ಆಯ್ಕೆ ದಪ್ಪ ಸುರುಳಿ ಜಿಪ್ಪೇ.

ಇನ್ನು ದಿನದ ಬಳಕೆ. ಸೀಲ್ ಹಾಕುವ ಮುನ್ನ ಗೂಡಿನ ಒಳಗೆ ಇಣುಕಿ ನೋಡುವುದು ಅಭ್ಯಾಸವಾಗಬೇಕು. ಹಿಂದಿನ ಸಲ ಮುರಿದ ಸೀಲಿನ ಮೊನೆ ಅಲ್ಲೇ ಉಳಿದಿರುತ್ತದೆ. ಚೀಲವನ್ನು ಬೋರಲು ಮಾಡಿ ಗೂಡಿನ ಬೆನ್ನಿಗೆ ತಟ್ಟಿದರೆ ಬಿದ್ದುಹೋಗುತ್ತದೆ. ಬೀಳದಿದ್ದರೆ ಬಿದಿರಿನ ಕಡ್ಡಿಯಿಂದ ಮೀಟಿ ತೆಗೆಯಿರಿ. ಪಿನ್ನು, ಚಿಮಟ, ಸ್ಕ್ರೂಡ್ರೈವರ್ ಹಾಕಬೇಡಿ. ರೆಕ್ಕೆ ಕಚ್ಚಿಕೊಳ್ಳುವ ಒಳಅಂಚು ಕೆರೆದುಹೋದರೆ ಸೀಲ್ ಹಿಡಿಯುವುದೇ ಇಲ್ಲ, ಆಮೇಲೆ ಗೂಡನ್ನೇ ಬದಲಾಯಿಸಬೇಕಾಗುತ್ತದೆ. ಜಿಪ್ಪನ್ನು ಕೊನೆಯವರೆಗೆ ಎಳೆದು, ಎಳೆಪಟ್ಟಿ ಸೀಳಿನಲ್ಲಿ ಸಮನಾಗಿ ಕೂತಿದೆಯೇ ಎಂದು ನೋಡಿ, ಹೆಬ್ಬೆರಳಿನಿಂದ ಸೀಲನ್ನು ನೇರವಾಗಿ ಒತ್ತಿ. ಓರೆಯಾಗಿ ಒತ್ತಿದರೆ ಒಂದು ರೆಕ್ಕೆ ಮಾತ್ರ ಕಚ್ಚುತ್ತದೆ. ಶಬ್ದ ಕೇಳಿಸಿತು ಎಂದು ಬಿಟ್ಟುಬಿಡಬೇಡಿ. ಉಗುರನ್ನು ಸೀಲಿನ ತಲೆಯ ಕೆಳಗೆ ಕೊಟ್ಟು ಮೇಲಕ್ಕೆ ಮೀಟಿ ನೋಡಿ, ಆಮೇಲೆ ಸ್ಲೈಡರನ್ನು ಹಿಂದಕ್ಕೆ ಎರಡು ಸಲ ಎಳೆದು ನೋಡಿ. ಇಷ್ಟಕ್ಕೆಲ್ಲ ಹತ್ತು ಸೆಕೆಂಡು ಸಾಕು. ಅರ್ಧ ಕಚ್ಚಿದ ಸೀಲ್ ದಾರಿಯಲ್ಲಿ ಬಿದ್ದುಹೋಗಿ, ತಲುಪಿದ ಕಡೆಯವರು ಚೀಲ ಒಡೆಯಲಾಗಿದೆ ಎಂದು ಬರೆದು, ಒಳಗಿನ ಪ್ರತಿ ಕಾಗದವನ್ನೂ ಎಣಿಸಬೇಕಾಗಿ ಬರುವುದು ಹೆಚ್ಚಾಗಿ ಈ ಹತ್ತು ಸೆಕೆಂಡು ಉಳಿಸಲು ಹೋಗಿಯೇ.

ತೆಗೆಯುವಾಗ ಕತ್ತರಿ ಬೇಡ, ಚಾಕು ಬೇಡ. ಸೀಲಿನ ಕುತ್ತಿಗೆ ಬೇಕೆಂದೇ ತೆಳ್ಳಗಿರುತ್ತದೆ. ತಲೆಯನ್ನು ಬೆರಳಿನಿಂದ ಎತ್ತಿ ತಿರುಚಿದರೆ ಮುರಿಯುತ್ತದೆ. ಕತ್ತರಿ ಹಾಕುವ ಕಡೆ ಕ್ರಮೇಣ ಎಳೆಪಟ್ಟಿಯ ತೂತಿನ ಅಂಚು ಸವೆದು ತೂತು ದೊಡ್ಡದಾಗುತ್ತದೆ. ತೂತು ದೊಡ್ಡದಾದರೆ ಸೀಲು ಮುರಿಯದೆಯೇ ಪಟ್ಟಿ ಜಾರಿ ಬರಬಹುದು.

ನಂಬರಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಏರ್ಪಾಟು ಸೋಲುವುದು ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ವಹಿಯಲ್ಲಿ. ಕಳಿಸುವವರು ಸೀಲಿನ ನಂಬರು ಬರೆದು ಚೀಲದೊಳಗೇ ಇಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಚೀಲ ಒಡೆದವನೇ ಆ ಚೀಟಿಯನ್ನೂ ಬದಲಾಯಿಸಬಲ್ಲ. ನಂಬರು ಬೇರೆ ದಾರಿಯಲ್ಲಿ, ಅಂದರೆ ಫೋನಿನಲ್ಲೋ ಮೆಸೇಜಿನಲ್ಲೋ ತಲುಪಬೇಕು. ಪಡೆಯುವವರು ಮೊದಲು ನಂಬರು ಓದಬೇಕು, ಹೋಲಿಸಬೇಕು, ಆಮೇಲೆ ಮುರಿಯಬೇಕು. ನಡೆಯುವುದು ಸಾಮಾನ್ಯವಾಗಿ ತಿರುಗುಮುರುಗು. ಮುರಿದು, ಕಾಗದ ಹಂಚಿ, ಸಂಜೆ ಕಸದ ಬುಟ್ಟಿಯಿಂದ ಸೀಲಿನ ತಲೆ ಹೆಕ್ಕಿ ನಂಬರು ಬರೆಯುತ್ತಾರೆ. ಆಗ ಚೀಲ ಯಾವ ಸ್ಥಿತಿಯಲ್ಲಿ ಬಂತು ಎನ್ನುವುದಕ್ಕೆ ಯಾವ ಸಾಕ್ಷಿಯೂ ಇರುವುದಿಲ್ಲ. ಜೊತೆಗೆ ಪೂರ್ತಿ ನಂಬರು ಬರೆಯಿರಿ. ಕೊನೆಯ ಮೂರಂಕಿ ಮಾತ್ರ ಬರೆಯುವ ಕಡೆ, ಅದೇ ಮೂರಂಕಿ ಇರುವ ಬೇರೆ ಸೀಲ್ ಸಾವಿರಕ್ಕೊಂದು ಸಿಕ್ಕೇ ಸಿಗುತ್ತದೆ.

ಬಳಸದ ಸೀಲುಗಳು ಮೇಜಿನ ಮೇಲಿನ ಡಬ್ಬದಲ್ಲಿ ಬಿದ್ದಿರಬಾರದು. ಬೀಗ ಹಾಕಿದ ಕಡೆ ಇಟ್ಟು, ಯಾವ ನಂಬರಿನಿಂದ ಯಾವ ನಂಬರಿನವರೆಗೆ ಯಾರಿಗೆ ಕೊಟ್ಟಿರಿ ಎಂದು ಬರೆದಿಟ್ಟುಕೊಳ್ಳಿ. ವಾಪಸ್ ಬರುವ ಚೀಲಕ್ಕೆಂದು ಒಂದು ಸೀಲನ್ನು ಒಳಗೇ ಇಟ್ಟು ಕಳಿಸುವ ರೂಢಿ ಹಲವು ಕಡೆ ಇದೆ. ಶಾಖೆಯಲ್ಲಿ ಸೀಲಿನ ದಾಸ್ತಾನು ಇಡಬೇಕಾಗಿಲ್ಲ ಎನ್ನುವುದು ಅದರ ಅನುಕೂಲ. ಆದರೆ ಹಾಗೆ ಕಳಿಸಿದ ಸೀಲಿನ ನಂಬರನ್ನೂ ಕಳಿಸುವವರು ಮೊದಲೇ ಬರೆದುಕೊಂಡಿದ್ದರೆ ಮಾತ್ರ ಈ ರೂಢಿ ಸರಿ. ಮುರಿದ ತಲೆಗಳನ್ನು ಅಂದಿನ ಲೆಕ್ಕ ತಾಳೆಯಾಗುವವರೆಗೆ ಇಟ್ಟುಕೊಂಡು, ಆಮೇಲೆ ಚೂರು ಮಾಡಿ ಎಸೆಯಿರಿ.

ಖರ್ಚಿನ ಲೆಕ್ಕ ಸರಳ. ಹೋಗಿ ಬರುವ ಒಂದು ಚೀಲಕ್ಕೆ ದಿನಕ್ಕೆ 2 ಸೀಲ್. ವರ್ಷಕ್ಕೆ 300 ಕೆಲಸದ ದಿನ ಎಂದರೆ 600. ಚೀಲ 20 ಇದ್ದರೆ 12,000. ಹಾಳಾಗುವುದಕ್ಕೆಂದು ನೂರಕ್ಕೆ ಐದರಂತೆ ಹೆಚ್ಚಿಗೆ ಇಟ್ಟುಕೊಳ್ಳಿ. ಚೀಲದ ಬೆಲೆಯನ್ನಷ್ಟೇ ನೋಡಿ ಕೊಂಡವರಿಗೆ ಈ ಖರ್ಚು ಆಮೇಲೆ ಕಾಣುತ್ತದೆ. ಗೂಡಿನ ಆಕಾರ ಒಂದೊಂದು ತಯಾರಿಕೆಯದು ಒಂದೊಂದು ಬಗೆ, ಬೇರೆಯವರ ಸೀಲು ಸಾಮಾನ್ಯವಾಗಿ ಹೊಂದುವುದಿಲ್ಲ.

ಹಾಳಾಗುವುದರಲ್ಲಿ ಮೊದಲ ಸ್ಥಾನ ಸ್ಲೈಡರಿನದು. ಎಳೆದೆಳೆದು ಅದರ ಹಿಂಭಾಗದ ಎರಡು ತುಟಿಗಳು ಸ್ವಲ್ಪ ಸ್ವಲ್ಪವಾಗಿ ಅಗಲವಾಗುತ್ತವೆ. ಮುಂದೆ ಎಳೆದಂತೆ ಹಿಂದೆ ಹಲ್ಲು ಬಿಟ್ಟುಕೊಳ್ಳತೊಡಗಿದರೆ ಇದೇ ಕಾರಣ. ಇಕ್ಕಳದಿಂದ ಹಿಂಭಾಗದ ಎರಡೂ ಬದಿಯನ್ನು ಒಂದಾದ ಮೇಲೊಂದು ಚೂರು ಒತ್ತಿ, ಎಳೆದು ನೋಡಿ, ಬೇಕಾದರೆ ಮತ್ತೆ ಚೂರು ಒತ್ತಿ. ಎರಕ ಹೊಯ್ದ ಸತುವಿನ ಮಿಶ್ರಲೋಹದ ಸ್ಲೈಡರು ಜೋರಾಗಿ ಒತ್ತಿದರೆ ಬಿರಿಯುತ್ತದೆ. ಹೀಗೆ ಎರಡು ಸಲ ಸರಿಪಡಿಸಿದ ಮೇಲೂ ಬಿಟ್ಟುಕೊಂಡರೆ ಸ್ಲೈಡರ್ ಬದಲಾಯಿಸುವುದೇ ದಾರಿ. ತಂತಾನೇ ಬಾಯಿಬಿಡುವ ಚೀಲವನ್ನು ಓಡಾಟದಲ್ಲಿ ಇಟ್ಟುಕೊಂಡರೆ, ನಿಜವಾಗಿ ಯಾರಾದರೂ ಜಿಪ್ ಒಡೆದ ದಿನವೂ ‘ಅದು ಯಾವಾಗಲೂ ಹಾಗೆಯೇ’ ಎಂದು ಬಿಟ್ಟುಬಿಡುತ್ತಾರೆ.

ತುಟಿ ಅಗಲವಾಗುವುದಕ್ಕೆ ಮುಖ್ಯ ಕಾರಣ ಚೀಲವನ್ನು ತುರುಕಿ ತುಂಬುವುದು. ಮುಕ್ಕಾಲು ತುಂಬಿದರೆ ಸಾಕು. ಒಂದು ಕೈಯಿಂದ ಬಾಯಿ ಒತ್ತಿಹಿಡಿದು ಇನ್ನೊಂದರಿಂದ ಎಳೆಯಬೇಕಾಗಿ ಬಂದರೆ ಅತಿಯಾಯಿತು ಎಂದರ್ಥ. ಅಂತರರಾಷ್ಟ್ರೀಯ ಅಂಚೆಯಲ್ಲಿ ಒಂದು ಚೀಲಕ್ಕೆ 30 ಕಿಲೋ ಮಿತಿ ಇದೆ, ಆದರೆ ಅದು ಕುತ್ತಿಗೆ ಕಟ್ಟುವ ಚೀಲಗಳ ಲೆಕ್ಕ. ಜಿಪ್ ಚೀಲಕ್ಕೆ 8ರಿಂದ 10 ಕಿಲೋ ಮೀರಿಸುವುದು ನಮಗೆ ಸರಿ ಕಾಣುವುದಿಲ್ಲ.

ಜಿಪ್ ಬಿಗಿಯಾದರೆ ಎಣ್ಣೆ ಹಾಕಬೇಡಿ. ಎಣ್ಣೆಗೆ ಧೂಳು ಮೆತ್ತಿಕೊಂಡು ಎರಡೇ ವಾರದಲ್ಲಿ ಇನ್ನಷ್ಟು ಬಿಗಿಯಾಗುತ್ತದೆ, ಕಾಗದಕ್ಕೂ ಕಲೆ. ಬಿಳಿ ಮೇಣದಬತ್ತಿಯನ್ನು ಹಲ್ಲಿನ ಮೇಲೆ ತಿಕ್ಕಿ, ಸ್ಲೈಡರನ್ನು ನಾಲ್ಕೈದು ಸಲ ಓಡಿಸಿ, ಹೆಚ್ಚಾದ ಮೇಣವನ್ನು ಒಣಬಟ್ಟೆಯಿಂದ ಒರೆಸಿ. ಗೂಡಿನ ಒಳಗೆ ಮಾತ್ರ ಮೇಣ ಸೋಕಬಾರದು. ಒಗೆಯಬೇಕಾದರೆ ತಣ್ಣೀರು, ಮೆತ್ತನೆ ಬ್ರಷ್ಷು, ಗೂಡು ಕೆಳಮುಖವಾಗಿರುವಂತೆ ನೆರಳಿನಲ್ಲಿ ಒಣಗಿಸುವುದು. ಬಿಸಿಲಿಗೆ ಗೂಡಿನ ಪ್ಲಾಸ್ಟಿಕ್ ಪೆಡಸಾಗುತ್ತದೆ.

ಚಳಿಯದು ಇನ್ನೊಂದು ತೊಂದರೆ. ಸೀಲು ಪಾಲಿಪ್ರೊಪಿಲೀನಿನದಾಗಿದ್ದರೆ ಸೊನ್ನೆ ಡಿಗ್ರಿ ಹತ್ತಿರವಾದಂತೆ ಬಾಗುವ ಗುಣ ಕಳೆದುಕೊಂಡು, ಒತ್ತುವಾಗಲೇ ಅಥವಾ ಚೀಲ ನೆಲಕ್ಕೆ ಬಿದ್ದಾಗ ತಲೆ ಹಾರುತ್ತದೆ. ಸೀಲನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು ಅಲ್ಲಿಯೇ ಹಾಕಿದರೆ ಒತ್ತುವಾಗ ಮುರಿಯುವುದು ತಪ್ಪುತ್ತದೆ. ದಾರಿಯುದ್ದಕ್ಕೂ ಹಿಮವಿದ್ದರೆ ಪಾಲಿಎಥಿಲೀನ್ ಸೀಲು ಇದೆಯೇ ಎಂದು ತಯಾರಕರನ್ನು ಕೇಳಿ.

ಇದೇ ಕೆಲಸಕ್ಕಿರುವ ಬೇರೆ ಏರ್ಪಾಟುಗಳೊಂದಿಗೆ ಹೋಲಿಸಿದರೆ: ಹುರಿ ಸುತ್ತಿ ಗಂಟಿಗೆ ಅರಗಿನ ಮುದ್ರೆ ಒತ್ತುವುದು, ಸೀಸದ ಗುಂಡನ್ನು ಇಕ್ಕಳದಿಂದ ಅದುಮುವುದು ಈಗಲೂ ಕೆಟ್ಟ ಪದ್ಧತಿಗಳೇನಲ್ಲ, ಆದರೆ ಕೈ ಪಳಗಿರಬೇಕು ಮತ್ತು ಪ್ರತಿ ಸಲದ ಮುದ್ರೆಗೆ ಬೇರೆ ನಂಬರಿಲ್ಲ. ಕುತ್ತಿಗೆಗೆ ಬಿಗಿಯುವ ಪಟ್ಟಿ ಸೀಲು ಅಗ್ಗ. ಅದರಲ್ಲಿ ಬಿಗಿತ ಸಾಲದೆ ಬೆರಳು ತೂರುವಷ್ಟು ಜಾಗ ಉಳಿದರೆ ಸೀಲು ಮುಟ್ಟದೆಯೇ ಒಳಗಿನ ಲಕೋಟೆ ಎಳೆದುಕೊಳ್ಳಬಹುದು. ಕೀಲಿಕೈ ಬೀಗವೇ ಇರುವ ಜಿಪ್ ಚೀಲದಲ್ಲಿ ಸೀಲಿನ ಖರ್ಚಿಲ್ಲ, ಸ್ಲೈಡರ್ ಅಲ್ಲೂ ಬೀಗದೊಳಗೇ ಸಿಕ್ಕಿಕೊಳ್ಳುತ್ತದೆ. ಆದರೆ ಕೀಲಿಕೈ ಇದ್ದವರು ದಾರಿಯಲ್ಲಿ ತೆರೆದು ಮುಚ್ಚಿದರೆ ತಿಳಿಯುವ ಬಗೆಯಿಲ್ಲ, ಮತ್ತು ಒಂದು ಕೀಲಿಕೈ ಕಳೆದರೆ ಅದೇ ಕೀಲಿಯ ಎಲ್ಲ ಬೀಗಗಳೂ ಹೋದಂತೆ. ನಗದಿಗೆ ಬೀಗದ ಚೀಲ, ದಾಖಲೆಗೆ ಸೀಲಿನ ಚೀಲ ಎಂದು ವಿಂಗಡಿಸಿಕೊಳ್ಳುವುದು ನಮ್ಮ ಸಲಹೆ.

ಇಂಥ ಸೀಲು ಯಾರನ್ನೂ ತಡೆಯುವುದಿಲ್ಲ. ಹಡಗಿನ ಕಂಟೇನರುಗಳ ಸೀಲಿಗಿರುವ ಐಎಸ್‌ಒ 17712 ಮಾನದಂಡದಲ್ಲಿ ಮೂರು ದರ್ಜೆಗಳಿವೆ. ತೆರೆದದ್ದನ್ನು ಬರೀ ತೋರಿಸುವುದು ಕೆಳಗಿನ ದರ್ಜೆ, ಬಲಪ್ರಯೋಗವನ್ನು ತಡೆದುಕೊಳ್ಳುವಂಥದು ಮೇಲಿನದು. ಟಪಾಲು ಚೀಲದ ಪ್ಲಾಸ್ಟಿಕ್ ಸೀಲು ಆ ಮಾನದಂಡಕ್ಕೆ ಸೇರದಿದ್ದರೂ ಗುಣದಲ್ಲಿ ಕೆಳಗಿನ ದರ್ಜೆಯದೇ. ಅದನ್ನು ತಿಳಿದು ಕೊಂಡರೆ ನಿರಾಸೆಯಿಲ್ಲ.

ತಯಾರಕರ ಸೀಲು ಸಿಗದೆ ಬದಲಿ ಸೀಲು ಕೊಳ್ಳಬೇಕಾಗಿ ಬಂದರೆ ಮೊದಲು 10 ಸೀಲು ತರಿಸಿ. ಖಾಲಿ ಚೀಲಕ್ಕೆ ಹಾಕಿ, ತಲೆಯ ಕೆಳಗೆ ಗಟ್ಟಿ ದಾರದ ಕುಣಿಕೆ ಸಿಕ್ಕಿಸಿ ನೇರವಾಗಿ ಮೇಲಕ್ಕೆ ಎಳೆಯಿರಿ. ಹತ್ತೂ ಕುತ್ತಿಗೆಯಲ್ಲಿಯೇ ಮುರಿಯಬೇಕು. ಒಂದಾದರೂ ಇಡಿಯಾಗಿ ಕಿತ್ತುಬಂದರೆ ಆ ಸೀಲು ಬೇಡ. ಇದೇ ಪರೀಕ್ಷೆಯನ್ನು ತಯಾರಕರ ಸೀಲಿನಲ್ಲೇ ಮಾಡಿ, ಆಗಲೂ ಕಿತ್ತುಬಂದರೆ ಸವೆದಿರುವುದು ಗೂಡು. ಆ ಚೀಲವನ್ನು ಅಂದೇ ಓಡಾಟದಿಂದ ತೆಗೆಯಿರಿ.