ಟ್ರೌಟ್ ಪ್ಯಾಕೇಜ್: ಚಳಿಗಾಲಕ್ಕೆ ಅಂತ ಮಾರುವವರಿಗೆ ಮುಂಗಡ ಕೊಡಬೇಡಿ

ಮೈಸೂರು, ಮಂಡ್ಯ ಕಡೆ ಗಾಳ ಹಾಕುವ ಹವ್ಯಾಸ ಇರುವವರು ದಯವಿಟ್ಟು ಇದನ್ನು ಓದಿ. ಡಿಸೆಂಬರ್ ರಜೆಯಲ್ಲಿ ಹಿಮಾಚಲಕ್ಕೆ ಕರೆದುಕೊಂಡು ಹೋಗಿ, ಗೈಡ್ ಕೊಟ್ಟು, ದೊಡ್ಡ ಬ್ರೌನ್ ಟ್ರೌಟ್ (ತಣ್ಣೀರಿನ ಹೊಳೆಯ ಮೀನು) ಹಿಡಿಸುತ್ತೇವೆ ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಿಮಾಚಲದ ಟ್ರೌಟ್ ಹೊಳೆಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮೀನು ಹಿಡಿಯುವಂತಿಲ್ಲ. ಆ ತಿಂಗಳುಗಳಲ್ಲಿ ಪರ್ಮಿಟ್ಟೇ ಕೊಡುವುದಿಲ್ಲ. ನಮಗೆ ಮಾರಿದವರು ಇದನ್ನು ಮುಚ್ಚಿಟ್ಟರು.

ಹೋದವರು ನಾನು, ನನ್ನ ಭಾವ, ಅವರ ಗೆಳೆಯರು. ಭಾವ ಪಾಂಡವಪುರದವರು, ವಿ.ಸಿ. ನಾಲೆಯ ದಡದಲ್ಲೇ ಬೆಳೆದವರು. ನಾಲೆಯಲ್ಲಿ, ಕೆರೆಯಲ್ಲಿ ನಾವು ಬೆಂಡು ನೋಡಿಕೊಂಡು ಕೂರುತ್ತೇವೆ. ಅದು ಮುಳುಗುವವರೆಗೆ ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ತಿಳಿನೀರಿನ ಹೊಳೆಯಲ್ಲಿ ಹಾಗಲ್ಲ. ಮೊದಲು ಮೀನನ್ನು ಕಣ್ಣಾರೆ ನೋಡಬೇಕು. ಟ್ರೌಟ್ ಹರಿವಿಗೆ ಎದುರು ಮುಖ ಮಾಡಿ ನಿಂತಿರುತ್ತದೆ. ಹಾಗಾಗಿ ಅದರ ಬೆನ್ನ ಹಿಂದಿನಿಂದ, ಅಂದರೆ ಹೊಳೆಯ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು ಹೋಗಬೇಕು. ನೆರಳು ನೀರಿನ ಮೇಲೆ ಬಿತ್ತೋ, ಮೀನು ಮಾಯ. ಆಮೇಲೆ ಗರಿ ಮತ್ತು ದಾರದಿಂದ ಹುಳುವಿನ ಹಾಗೆ ಕಟ್ಟಿದ ಫ್ಲೈಯನ್ನು ಅದರ ಮುಂದೆ ಮೆಲ್ಲಗೆ ಇಳಿಸಬೇಕು. ಫ್ಲೈಗೆ ತೂಕವೇ ಇರುವುದಿಲ್ಲ. ದಪ್ಪ ಲೈನಿನ ತೂಕದಿಂದಲೇ ಅದು ಮುಂದಕ್ಕೆ ಹೋಗಬೇಕು. ಇದನ್ನು ಗೊತ್ತಿದ್ದವರ ಹತ್ತಿರ ಕಲಿಯಬೇಕು ಅಂತ ಭಾವನಿಗೆ ಎಷ್ಟೋ ವರ್ಷದ ಆಸೆ. ಗೈಡ್ ಬೇಕು ಅಂದದ್ದೂ ಅದಕ್ಕೇ.

ಪ್ಯಾಕೇಜ್ ಮಾರಿದ್ದು ಮೈಸೂರಿನದೇ ಒಂದು ಸಂಸ್ಥೆ. ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇವೆ. ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಹೊಳೆ, ದೀಪಾವಳಿ ಮುಗಿದ ಮೇಲೆ, ನವೆಂಬರ್‌ನಲ್ಲಿ. ಪರ್ಮಿಟ್ ವಿಷಯ ನಾವು ಮೊದಲೇ ಕೇಳಿದೆವು. "ಅದೆಲ್ಲ ನಮ್ಮ ಗೈಡ್ ಹತ್ರ ರೆಡಿ ಇರುತ್ತೆ ಸಾರ್, ನೀವು ರಾಡ್ ಹಿಡ್ಕೊಂಡ್ರೆ ಸಾಕು" ಅಂದರು. ನವೆಂಬರ್ ಯಾಕೆ ಅಂತ ಕೇಳಿದ್ದಕ್ಕೆ, "ಆಗ ಜನ ಕಡಿಮೆ, ದೊಡ್ಡ ಮೀನು ಮೇಲಕ್ಕೆ ಬರುತ್ತೆ, ಕಣ್ಣಿಗೆ ಕಾಣುತ್ತೆ" ಅಂದರು. ಎರಡೂ ಕೈಯಲ್ಲಿ ಎತ್ತಿ ಹಿಡಿಯುವಷ್ಟು ದೊಡ್ಡ ಮೀನುಗಳ ಫೋಟೋ ಕಳಿಸಿದರು.

ಆ ಫೋಟೋಗಳು ನ್ಯೂಜಿಲೆಂಡಿನವು. ವಾಪಸ್ ಬಂದ ಮೇಲೆ ಭಾವನ ಮಗಳು ಅದೇ ಚಿತ್ರಗಳನ್ನು ನೆಟ್‌ನಲ್ಲಿ ಹುಡುಕಿ ತೋರಿಸಿದಳು. ಬ್ರೌನ್ ಟ್ರೌಟ್ ಅಲ್ಲಿಯದೂ ಅಲ್ಲ, ಇಲ್ಲಿಯದೂ ಅಲ್ಲ, ಯೂರೋಪಿನ ಮೀನು. ನ್ಯೂಜಿಲೆಂಡಿಗೆ 1860ರ ದಶಕದಲ್ಲಿ, ಕಾಶ್ಮೀರಕ್ಕೆ 1900ರಲ್ಲಿ, ಕುಲ್ಲು ಕಡೆಗೆ 1909ರಲ್ಲಿ ತಂದು ಬಿಟ್ಟರು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹೊಳೆಗಳಲ್ಲಿ ನಾಲ್ಕೈದು ಕಿಲೋ ತೂಗುವುದೂ ಸಿಗುತ್ತದೆ. ತೀರ್ಥನ್ ಬಹಳ ಚೆಂದದ ಹೊಳೆ, ಆದರೆ ಅಲ್ಲಿ ಸಾಮಾನ್ಯವಾಗಿ ಸಿಗುವ ಟ್ರೌಟ್ ಅದಕ್ಕಿಂತ ಎಷ್ಟೋ ಚಿಕ್ಕದು. ಅಲ್ಲಿಯ ಚಿತ್ರ ತೋರಿಸಿ ಇಲ್ಲಿಯದನ್ನು ಮಾರುವುದು ಮೋಸವೇ.

ದೆಹಲಿಯಿಂದ ರಾತ್ರಿ ಬಸ್ಸು, ಬೆಳಗ್ಗೆ ಔಟ್ ಅನ್ನುವ ಊರಿನ ಹತ್ತಿರ ಇಳಿದು ಜೀಪು. ಗೈಡ್ ಅಂತ ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ. ಅವನ ಕೈಯಲ್ಲಿ ಫ್ಲೈ ರಾಡೇ ಇರಲಿಲ್ಲ. ಸ್ಪಿನ್ನಿಂಗ್ ರಾಡು, ಮೀನನ್ನು ಸೆಳೆಯುವ ಹೊಳೆಯುವ ಲೋಹದ ಸ್ಪೂನು, ಅದಕ್ಕೆ ಮೂರು ಕೊಕ್ಕೆಯ ಗಾಳ. ಕೊಕ್ಕೆಯ ಹಿಮ್ಮುಳ್ಳನ್ನೂ ಒತ್ತಿ ಚಪ್ಪಟೆ ಮಾಡಿರಲಿಲ್ಲ. ಹಿಡಿದು ಬಿಡುವ ಮೀನಿಗೆ ಯಾರೂ ಅದನ್ನು ಬಳಸಬಾರದು, ಬಾಯಿ ಹರಿದು ಹೋಗುತ್ತದೆ. ಭಾವ ಅಲ್ಲೇ ಮುಖ ಸಪ್ಪೆ ಮಾಡಿಕೊಂಡರು. ಬೆಳಕು ಹರಿಯುವ ಮೊದಲೇ, ರಸ್ತೆಯಿಂದ ಕಾಣದ ಜಾಗಕ್ಕೆ ಕರೆದುಕೊಂಡು ಹೋದ. ಮೊಣಕಾಲುದ್ದದ ನೀರು, ಮಂಜಿನಷ್ಟು ತಣ್ಣಗೆ. ಹೊಳೆ ದಾಟಿಸಿ ಜಲ್ಲಿಯ ಮೇಲೆ ನಿಲ್ಲಿಸಿದ.

ಮೀನು ಕಂಡವು. ನಿಜವಾಗಿಯೂ ಕಂಡವು. ಆ ಹೊಳೆಗೆ ದೊಡ್ಡವೇ, ಜೋಡಿ ಜೋಡಿಯಾಗಿ, ಇಷ್ಟೇ ಇಷ್ಟು ನೀರಿನಲ್ಲಿ, ಹತ್ತಿರ ಹೋದರೂ ಓಡಿಹೋಗದೆ. ಗಾಳ ಹಾಕುವಷ್ಟರಲ್ಲಿ ಮೀನುಗಾರಿಕೆ ಇಲಾಖೆಯ ಕಾವಲುಗಾರರು ಬಂದರು.

ಅವರು ಬೈದದ್ದಕ್ಕಿಂತ ಅವರು ತೋರಿಸಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಪಾಚಿ ಹಿಡಿದು ಕಂದಾಗಿದ್ದ ಜಲ್ಲಿಯ ನಡುವೆ ಅಲ್ಲಲ್ಲಿ ಬೆಳ್ಳಗೆ ತೊಳೆದಂಥ ಜಾಗಗಳಿದ್ದವು. ಹೆಣ್ಣು ಮೀನು ಮಗ್ಗುಲಾಗಿ ಬಾಲ ಬಡಿದು ಅಲ್ಲಿ ಗುಂಡಿ ತೋಡುತ್ತದೆ, ಮೊಟ್ಟೆ ಇಟ್ಟು ಜಲ್ಲಿ ಮುಚ್ಚುತ್ತದೆ. ಮೊಟ್ಟೆ ಚಳಿಗಾಲವೆಲ್ಲ ಕಲ್ಲಿನ ಸಂದಿಯಲ್ಲಿ ಇರುತ್ತದೆ. ನೀರು ತಣ್ಣಗಿದ್ದಷ್ಟೂ ಮರಿಯಾಗುವುದು ನಿಧಾನ. ಅದರ ಮೇಲೆ ಕಾಲಿಟ್ಟರೆ ಒಡೆದುಹೋಗುತ್ತದೆ. ಹುಡುಗ ನಮ್ಮನ್ನು ನಿಲ್ಲಿಸಿದ್ದು ಅಂಥ ಜಾಗದ ಪಕ್ಕದಲ್ಲೇ.

ಈಗ ಮತ್ತೆ ಆ ಮಾತು ನೋಡಿ: "ದೊಡ್ಡ ಮೀನು ಮೇಲಕ್ಕೆ ಬರುತ್ತೆ, ಕಣ್ಣಿಗೆ ಕಾಣುತ್ತೆ." ಅದು ಸುಳ್ಳಲ್ಲ. ವರ್ಷವೆಲ್ಲ ಆಳದಲ್ಲಿ, ಬಂಡೆಯ ಕೆಳಗೆ ಅಡಗಿರುವ ಮೀನು ಮೊಟ್ಟೆ ಇಡಲು ತೆಳು ನೀರಿಗೆ ಬರುವುದು ಈ ತಿಂಗಳುಗಳಲ್ಲೇ. ನಿಷೇಧ ಇರುವುದೂ ಅದಕ್ಕೇ. ಯಾವ ಕಾರಣಕ್ಕೆ ಹೊಳೆಗೆ ಇಳಿಯಬಾರದೋ, ಅದನ್ನೇ ಆಕರ್ಷಣೆ ಅಂತ ನಮಗೆ ಮಾರಿದರು. ಹಣ ಹೋದದ್ದಕ್ಕಿಂತ ಇದಕ್ಕೇ ನನಗೆ ಹೊಟ್ಟೆ ಉರಿಯುವುದು.

ದಂಡ ಕಟ್ಟಿದೆವು, ರಾಡುಗಳನ್ನು ವಶಕ್ಕೆ ತೆಗೆದುಕೊಂಡರು. ಮೈಸೂರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಪರ್ಮಿಟ್ ನಮ್ಮ ಕೈಯಲ್ಲಿದೆ ಅಂತ ಸಂಸ್ಥೆಯವರು ಅವನಿಗೆ ಹೇಳಿದ್ದರಂತೆ, ಅವನ ಕೂಲಿಯನ್ನೂ ಕೊಟ್ಟಿರಲಿಲ್ಲ.

ಟ್ರೌಟ್ ಹಿಡಿಯುವ ಆಸೆ ಇದ್ದರೆ ಮಾರ್ಚ್ ಬಂದ ಮೇಲೆ ಹೋಗಿ. ಮಳೆಗಾಲ ಬೇಡ, ಹೊಳೆ ಕೆಸರಾಗಿ ಉಕ್ಕುತ್ತದೆ. ಪರ್ಮಿಟ್ ನಿಮ್ಮ ಹೆಸರಿನಲ್ಲೇ, ಇಲಾಖೆಯಿಂದಲೇ ಇರಬೇಕು, ಹೊರಡುವ ಮೊದಲೇ ನಕಲು ಕೇಳಿ. ಗೈಡ್ ಜೊತೆ ನೇರವಾಗಿ ಮಾತಾಡಿ, ಯಾವ ಫ್ಲೈ, ಯಾವ ರಾಡು ಅಂತ ವಿಚಾರಿಸಿ. ಕೆಲಸ ಗೊತ್ತಿರುವವನು ಆ ವಿಷಯ ಬಂದರೆ ಮಾತು ನಿಲ್ಲಿಸುವುದಿಲ್ಲ.

ಮಂಡ್ಯದವರಿಗೆ ಇನ್ನೊಂದು ಮಾತು. ಅದೇ ಸಂಸ್ಥೆ ಈಗ ಮುತ್ತತ್ತಿ ಕಡೆ ರಾತ್ರಿ ಮಹಶೀರ್ ಹಿಡಿಸುತ್ತೇವೆ ಅಂತಲೂ ಹೇಳುತ್ತಿದೆ. ಅದು ಕಾವೇರಿ ವನ್ಯಜೀವಿಧಾಮ, ಅಲ್ಲಿ ಗಾಳ ಹಾಕುವುದು ಅಪರಾಧ. ಹಿಂದೆ ಭೀಮೇಶ್ವರಿಯಲ್ಲಿ ಹಿಡಿದು ಬಿಡುವ ಕ್ಯಾಂಪ್ ಇದ್ದದ್ದು ನಿಜ, ಅದನ್ನು ನಿಲ್ಲಿಸಿ ವರ್ಷಗಳಾದವು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದಿದ್ದರು. ನಮ್ಮ ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿದರು. ಅದಕ್ಕೆ ಯಾರೂ ದುಡ್ಡು ಕೊಟ್ಟು ಹೋಗಬೇಡಿ. ಮೇಲಾಗಿ ಅಲ್ಲಿಯ ಸುಳಿ ಜನರನ್ನು ನುಂಗಿದ್ದು ನಿಮಗೇ ಗೊತ್ತಲ್ವಾ.

ನಾವು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಸಂಸ್ಥೆಯವರು ಹಣ ವಾಪಸ್ ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಡಿಸೆಂಬರ್ ಪ್ಯಾಕೇಜಿಗೆ ಈಗಾಗಲೇ ಮುಂಗಡ ಕೊಟ್ಟವರು ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ, ಅವರು ಕಳಿಸಿದ ಫೋಟೋ ಯಾವುದನ್ನೂ ಅಳಿಸಬೇಡಿ. ಬಾಯಿಮಾತಿನಲ್ಲಿ ಅಲ್ಲ, ಬರೆದು ಹಣ ವಾಪಸ್ ಕೇಳಿ.